ರಿಂಗು ಕೂರುವ ತನಕ

ಆರು ಸಾವಿರ ದಾಟಿಸಬೇಡ ಎಂದು ಕೃಷ್ಣಕುಮಾರ ಬೆಳಿಗ್ಗೆ ಎದ್ದಾಗಿನಿಂದ ಹೇಳುತ್ತಿದ್ದ. ಹಲ್ಲುಜ್ಜುವಾಗ ಹೇಳಿದ, ದೋಸೆ ತಿನ್ನುವಾಗ ಹೇಳಿದ, ಹೆಗಲ ಮೂಳೆ ಮುರಿದ ಎಡಗೈಯನ್ನು ಪಟ್ಟಿಯಲ್ಲಿ ಎದೆಗೆ ನೇತುಹಾಕಿಕೊಂಡು ಅಂಗಳಕ್ಕೆ ಬಂದು ನಿಮಿಷಕ್ಕೆ ಎಂಜಿನ್ನು ಎಷ್ಟು ಸುತ್ತು ತಿರುಗುತ್ತದೆಂದು ತೋರಿಸುವ ಮೀಟರಿನ ಮೇಲೆ ಬೆರಳಿಟ್ಟು ಮತ್ತೊಮ್ಮೆ ಹೇಳಿದ. ಬಿಂದುಶ್ರೀ ಪ್ರತಿಸಲವೂ ಹೂಂ ಎಂದಳು. ಆ ಎಂಜಿನ್ನಿಗೆ ಹೊಸ ಪಿಸ್ಟನ್ ಹಾಕಿದವಳು ಅವಳೇ, ಪಿಸ್ಟನ್ನಿನ ಸುತ್ತ ಉಗುರಿನಷ್ಟು ದಪ್ಪದ ಉಕ್ಕಿನ ರಿಂಗುಗಳನ್ನು ಕೂರಿಸಿದವಳು ಅವಳೇ, ಕೂರಿಸುವಾಗ ಉಸಿರು ಕಟ್ಟಿ ಹಿಡಿದವಳೂ ಅವಳೇ. ಆದರೂ ಮೀಟರ್ ಓದುವುದನ್ನು ಮಾತ್ರ ಗಂಡನೇ ಕಲಿಸಬೇಕು. ಹೊಸ ರಿಂಗಿಗೂ ಅದು ಉಜ್ಜಿಕೊಂಡು ಓಡಾಡುವ ಕೊಳವೆಗೂ ಮೊದಲ ದಿನವೇ ಹೊಂದಿಕೆಯಾಗಬೇಕು. ಆಗದಿದ್ದರೆ ಎಂಜಿನ್ನು ಎಣ್ಣೆ ಕುಡಿಯುತ್ತದೆ, ಹೊಗೆ ಕಾರುತ್ತದೆ, ಬಿಚ್ಚಿ ಮತ್ತೆ ಮೊದಲಿನಿಂದ ಶುರುಮಾಡುವ ತನಕ ಸರಿಹೋಗುವುದಿಲ್ಲ. ಆ ಮೊದಲ ದಿನದ ಓಟಕ್ಕೆ ಕೃಷ್ಣಕುಮಾರನಿಗೆ ಕೈಯಿಲ್ಲ. ಗೆಳೆಯ ರಾಜು ಪಿಕಪ್ ವ್ಯಾನಿನವನು, ನಾಲ್ಕು ಚಕ್ರಕ್ಕಿಂತ ಕಡಿಮೆಯದನ್ನು ನಂಬುವವನಲ್ಲ. ಹಾಗಾಗಿ ಭಾನುವಾರ ಸಾಗರದಿಂದ ಹೊಸನಗರ, ನಗರ, ತೀರ್ಥಹಳ್ಳಿ ಸುತ್ತಿಕೊಂಡು ಬರುವ ಕೆಲಸ ಬಿಂದುಶ್ರೀಯ ಪಾಲಿಗೆ ಬಂದಿತ್ತು. ಅವಳು ಅದನ್ನು ಕೆಲಸ ಎಂದೇ ಕರೆದಳು. ಹಿಂದಿನ ರಾತ್ರಿ ಸಂತೋಷಕ್ಕೆ ಸರಿಯಾಗಿ ನಿದ್ದೆ ಬರಲಿಲ್ಲ ಎಂದು ಯಾರಿಗೂ ಹೇಳಲಿಲ್ಲ.

ಹೇಳುವಂಥ ಸಂತೋಷವೂ ಅಲ್ಲ. ನಾಳೆ ಬೆಳಿಗ್ಗೆ ರಾಜು ಇದೇ ಬೈಕನ್ನು ಪಿಕಪ್ಪಿಗೆ ಹತ್ತಿಸಿ ಶಿವಮೊಗ್ಗದ ಒಂದು ಗ್ಯಾರೇಜಿಗೆ ಒಯ್ಯುವವನಿದ್ದ. ಮುಂದಿನ ತಿಂಗಳ ಕೊನೆಯ ರೇಸಿನ ತನಕ, ಆಮೇಲೂ, ಗಾಡಿಯ ಉಸ್ತುವಾರಿ ಅವರದೇ. ನಿನಗೂ ಸ್ವಲ್ಪ ರೆಸ್ಟ್ ಆಗ್ತದೆ ಎಂದು ಕೃಷ್ಣಕುಮಾರ ಮೆತ್ತಗೆ ಹೇಳಿದಾಗ ಅವಳು ತಲೆಯಾಡಿಸಿದ್ದಳು. ಬೇಡ ಎನ್ನಲು ಬಾಯಿಯೇ ಇರಲಿಲ್ಲ. ಮೂರು ವರ್ಷ ರಕ್ತ ಪರೀಕ್ಷೆಯ ಲ್ಯಾಬಿನ ಕೆಲಸ ಮುಗಿಸಿ ಬಂದು, ಸೀರೆ ಬದಲಿಸಿ, ಹಿಂದಿನ ಶೆಡ್ಡಿನಲ್ಲಿ ಈ ಬೈಕಿನ ಒಂದೊಂದು ಬೋಲ್ಟಿನ ಜೊತೆ ಸಂಸಾರ ಮಾಡಿದವಳು ಅವಳು. ಕೊಯಮತ್ತೂರಿನ ಟ್ರ್ಯಾಕಿನಲ್ಲಿ ಹವ್ಯಾಸಿಗಳ ವಿಭಾಗದಲ್ಲಿ ಕೃಷ್ಣಕುಮಾರ ಎಂಟನೆಯವನಾಗಿ, ಆರನೆಯವನಾಗಿ, ಒಮ್ಮೆ ಮೂರನೆಯವನಾಗಿ ಬಂದಾಗ ಅವಳ ಉಗುರಿನ ಸಂದಿಯಲ್ಲಿದ್ದ ಕಪ್ಪು ಅವಳಿಗೆ ಗೋರಂಟಿಯ ಹಾಗೆ ಕಂಡಿತ್ತು. ಕಳೆದ ತಿಂಗಳು ಎಲ್ಲ ಮುಗಿಯಿತು. ರೇಸಿನಲ್ಲಿ ಬಿದ್ದಿದ್ದರಾದರೂ ಒಂದು ಮರ್ಯಾದೆ ಇರುತ್ತಿತ್ತು. ಅವನು ಬಿದ್ದದ್ದು ಅಭ್ಯಾಸದ ಮೊದಲ ಸುತ್ತಿನ ಮೊದಲ ತಿರುವಿನಲ್ಲಿ. ಬ್ರೇಕ್ ಹಿಡಿದ, ಬ್ರೇಕ್ ಹಿಡಿಯಲಿಲ್ಲ, ನೇರ ಜಲ್ಲಿಗೆ ಹೋದ. ಬೈಕು ಜಲ್ಲಿಯಲ್ಲಿ ಮಲಗಿಕೊಂಡೇ ಕಿರುಚುತ್ತ ದೂಳು ಕುಡಿದು ಪಿಸ್ಟನ್ ಕೆರೆದುಕೊಂಡಿತು. ಆಂಬುಲೆನ್ಸ್ ಹೋದ ಮೇಲೆ ಪಕ್ಕದ ಟೆಂಟಿನ ಯಾರೋ ಒಬ್ಬ, ಈ ಬ್ರೇಕ್ ಪ್ಯಾಡ್ ಯಾರು ಹಾಕಿದ್ದು ಎಂದು ಕೇಳಿದ. ನಾನು ಎಂದು ಅವಳು ಶಾಲೆಯ ಹುಡುಗಿಯ ಹಾಗೆ ಕೈ ಎತ್ತಿದಳು. ಹೊಸ ಪ್ಯಾಡನ್ನು ರಸ್ತೆಯಲ್ಲಿ ನಾಲ್ಕು ಸಲ ಉಜ್ಜಿ ಪಳಗಿಸದೆ ಟ್ರ್ಯಾಕಿಗೆ ತಂದಿರಾ ಎಂದ. ಹೌದು, ತಂದಿದ್ದಳು. ಎತ್ತಿದ ಕೈ ಇಳಿಸುವುದಕ್ಕೂ ಅವಳಿಗೆ ನಾಚಿಕೆಯಾಯಿತು.

ಅವಳು ಹೆಲ್ಮೆಟ್ ತರಲು ಒಳಗೆ ಹೋಗಿ ಬರುವಷ್ಟರಲ್ಲಿ ಅತ್ತೆ ಹುಲಿಯಮ್ಮ ಆರತಿ ತಟ್ಟೆಯೊಂದಿಗೆ ಬೈಕಿನ ಮುಂದೆ ಹಾಜರಾಗಿ ಅರ್ಧ ಪೂಜೆ ಮುಗಿಸಿದ್ದಳು. ಟ್ಯಾಂಕಿನ ಮೇಲೆ ಕುಂಕುಮ, ಇವತ್ತಿಗೆಂದು ಮತ್ತೆ ಜೋಡಿಸಿದ ಹೆಡ್‌ಲೈಟಿನ ಮೇಲೆ ಕುಂಕುಮ, ಕನ್ನಡಿಗೆ ಮಲ್ಲಿಗೆ, ಮುಂದಿನ ಚಕ್ರದ ಕೆಳಗೆ ನಿಂಬೆಹಣ್ಣು. ಹುಲಿಯಮ್ಮನಿಗೆ ಈ ಗಾಡಿಯ ಮೇಲೆ ಮಗನಿಗಿಂತ ಒಂದು ಕೈ ಹೆಚ್ಚೇ ಮುದ್ದು. ಎಷ್ಟನೇ ನಂಬರ್ ಬಂತು ಎಂದು ಅವಳು ಕೇಳುವುದು ಗಾಡಿಯ ಬಗ್ಗೆಯೇ, ಮಗ ಅದರ ಮೇಲೆ ಕೂತಿರುತ್ತಾನೆ ಅಷ್ಟೆ. ಬಿಂದುಶ್ರೀ ನಿಂಬೆಹಣ್ಣಿನ ಮೇಲೆ ಚಕ್ರ ಹಾಯಿಸಿ ಗೇಟು ದಾಟಿದಳು. ಹಿಂದಿನಿಂದ ಕೃಷ್ಣಕುಮಾರ ಏನೋ ಕೂಗಿದ್ದು ಕೇಳಿಸಿತು. ಏನೆಂದು ತಿರುಗಿ ಕೇಳುವ ಅಗತ್ಯ ಕಾಣಲಿಲ್ಲ.

ಬಟ್ಟೆಮಲ್ಲಪ್ಪದ ತನಕ ಅವಳು ಹೇಳಿದ ಮಾತು ಕೇಳುವ ಸೊಸೆಯಾಗಿದ್ದಳು. ಮುಳ್ಳು ನಾಲ್ಕು ಸಾವಿರಕ್ಕೆ ಏರಿ ಇಳಿಯುತ್ತಿತ್ತು. ಗದ್ದೆಗಳು ಹಣ್ಣಾಗಿದ್ದವು, ಇಬ್ಬನಿ ಆರಿರಲಿಲ್ಲ, ಗಾಳಿ ಹೆಲ್ಮೆಟ್ಟಿನ ಸಂದಿಯಿಂದ ನುಗ್ಗಿ ಕಿವಿಯನ್ನು ತಣ್ಣಗೆ ಮಾಡುತ್ತಿತ್ತು. ದಿನಾ ಲ್ಯಾಬಿಗೆ ಹೋಗುವ ಅವಳ ಸ್ಕೂಟರು ನಿದ್ದೆಯಲ್ಲಿ ನಡೆಯುವ ಪ್ರಾಣಿ. ಇದು ಹಾಗಲ್ಲ. ಇದು ನೆಟ್ಟಗೆ ಕೂರಲು ಬಿಡುವುದಿಲ್ಲ, ಮೈಯನ್ನು ಮುಂದಕ್ಕೆ ಬಾಗಿಸಿಕೊಂಡು, ಕೈ ಸ್ವಲ್ಪ ತಿರುಗಿಸಿದರೆ ಸಾಕು, ಎದೆಗೆ ಎದೆ ಕೊಟ್ಟು ಎಳೆಯುತ್ತದೆ. ಶೆಡ್ಡಿನಲ್ಲಿ ನಿಲ್ಲಿಸಿಕೊಂಡು ಎಷ್ಟೋ ಸಲ ಕೇಳಿದ್ದ ಸದ್ದು ಅದು. ಆದರೆ ಕೇಳುವುದು ಬೇರೆ, ಅದರ ಮೇಲೆ ಕೂತು ಅದು ತೊಡೆಯೊಳಗೆ ಇಳಿಯುವುದು ಬೇರೆ. ಇಷ್ಟು ವರ್ಷ ಅಡಿಗೆ ಮಾಡಿ ಬಡಿಸಿದವಳು ಮೊದಲ ಸಲ ಎಲೆಯ ಮುಂದೆ ಕೂತ ಹಾಗಾಯಿತು ಎಂದುಕೊಂಡು ಅವಳು ಹೆಲ್ಮೆಟ್ಟಿನೊಳಗೆ ಒಬ್ಬಳೇ ನಕ್ಕಳು. ಎದುರಿಗೆ ಬಂದ ಹಾಲಿನ ಸೈಕಲ್ಲಿನವನು ತನಗೇ ನಕ್ಕಳೆಂದು ತಿಳಿದು ತಲೆಯಾಡಿಸಿದ.

ಮುಂದಿನ ಬ್ರೇಕಿನ ಹಿಡಿತ ಮಾತ್ರ ಸ್ವಲ್ಪ ಕಡಿಮೆಯಿತ್ತು. ಹೊಸ ಪ್ಯಾಡು ಹಾಗೇ ಎಂದು ಅವಳು ಸಮಾಧಾನ ಹೇಳಿಕೊಂಡಳು. ಬಿದ್ದ ಮೇಲೆ ಹಳೆಯ ಜೋಡಿಯನ್ನು ಎಸೆದು ಮತ್ತೆ ಹೊಸದು ಹಾಕಿದ್ದಳು, ಈ ಸಲ ಪಳಗಿಸದೆ ಬಿಡುವುದಿಲ್ಲ ಎಂದು ಶಪಥ ಮಾಡಿದ್ದಳು. ಶಪಥ ಮಾಡಿದ್ದು ಯಾರೆದುರು? ಕೃಷ್ಣಕುಮಾರ ಒಂದು ದಿನವೂ ನಿನ್ನಿಂದ ಬಿದ್ದೆ ಎನ್ನಲಿಲ್ಲ. ಟೈರು ತಣ್ಣಗಿತ್ತು ಬಿಡು ಎಂದ. ಆ ಬಿಡು ಎನ್ನುವುದು ಅವಳನ್ನು ಕೊಂದಿತ್ತು. ಬೈದಿದ್ದರೆ ಎದುರು ಮಾತಾಡಬಹುದಿತ್ತು, ಅತ್ತು ಮುಗಿಸಬಹುದಿತ್ತು. ಅವನು ಕ್ಷಮಿಸಿಬಿಟ್ಟಿದ್ದ. ಆಸ್ಪತ್ರೆಯಿಂದ ಮನೆಗೆ ಬಂದ ವಾರ, ಬಟ್ಟೆ ಒಣಗಿಸಲು ಹೋದವಳಿಗೆ ಬೇಲಿಯ ಹತ್ತಿರ ಹುಲಿಯಮ್ಮ ಪಕ್ಕದ ಮನೆಯ ವೆಂಕಮ್ಮನಿಗೆ ಹೇಳುತ್ತಿದ್ದುದು ಕಿವಿಗೆ ಬಿತ್ತು. ಆಯುಧಪೂಜೆ ದಿನ ಇವ್ಳು ಹೊರಗಾಗಿದ್ಲು, ಹಿಂದಿನ ದಿನವೆಲ್ಲ ಗಾಡಿ ಮುಟ್ಟಿದ್ಲು, ದೇವ್ರು ಸುಮ್ನಿರ್ತಾನಾ. ಸಿಟ್ಟಿನಿಂದಲ್ಲ, ಮೊಸರು ಯಾಕೆ ಹುಳಿಯಾಯಿತು ಎಂದು ಹೇಳುವ ಹಾಗೆ ಹೇಳಿದ್ದಳು. ಬಿಂದುಶ್ರೀ ಒದ್ದೆ ಬಟ್ಟೆ ಹಿಡಿದುಕೊಂಡೇ ಒಳಗೆ ಬಂದಳು. ಬಿ.ಎಸ್ಸಿ. ಓದಿದವಳು, ದಿನಕ್ಕೆ ಮೂವತ್ತು ಜನರ ರಕ್ತ ನೋಡುವವಳು, ಇಂಥ ಮಾತಿಗೆ ನಗುವವಳು. ನಕ್ಕಳು ಕೂಡ. ಆದರೆ ಒಳಗೆ ಎಲ್ಲೋ ಒಂದು ಕಡೆ, ಪ್ಯಾಡಿನ ತಪ್ಪೂ ಈ ತಪ್ಪೂ ಪಕ್ಕಪಕ್ಕ ಕೂತು ಒಂದೇ ಮುಖ ಮಾಡಿಕೊಂಡವು. ಎರಡೂ ಅವಳ ಕೈಯ ತಪ್ಪೇ. ಕೃಷ್ಣಕುಮಾರ ಆಗ ವರಾಂಡದಲ್ಲೇ ಇದ್ದ, ಅವನಿಗೂ ಕೇಳಿಸಿತ್ತು, ಪೇಪರಿನ ಪುಟ ತಿರುಗಿಸಿದ.

ಹೊಸನಗರ ದಾಟಿದ ಮೇಲೆ ರಸ್ತೆ ಖಾಲಿಯಾಯಿತು, ತಿರುವುಗಳು ಶುರುವಾದವು. ಒಂದು ತಿರುವು ಬಲಕ್ಕೆ ಬಾಗಿ ಮುಗಿಯುವ ಮೊದಲೇ ಇನ್ನೊಂದು ಎಡಕ್ಕೆ ಕರೆಯುತ್ತಿತ್ತು. ಅವಳು ಟ್ರ್ಯಾಕಿನ ಬೇಲಿಯ ಹೊರಗೆ ನಿಂತು ನೋಡಿದ್ದನ್ನೆಲ್ಲ ಮೈ ನೆನಪಿಟ್ಟುಕೊಂಡಿತ್ತು. ನೋಟ ತಿರುವಿನ ಆಚೆಗೆ, ಮಂಡಿ ಟ್ಯಾಂಕಿಗೆ, ಒಳಗೆ ಹೋಗುವಾಗ ನಿಧಾನ, ಹೊರಗೆ ಬರುವಾಗ ಧೈರ್ಯ. ಮುಳ್ಳು ಐದೂವರೆ ಮುಟ್ಟಿತು. ಇನ್ನೂ ಬೇಕು ಎಂದು ಬೈಕು ಕೇಳುತ್ತಿತ್ತೋ ಅವಳೇ ಕೇಳುತ್ತಿದ್ದಳೋ. ಮರಗಳ ನಡುವಿನಿಂದ ಬಿಸಿಲು ರಸ್ತೆಯ ಮೇಲೆ ಪಟ್ಟೆಪಟ್ಟೆಯಾಗಿ ಬಿದ್ದು, ಬೆಳಕು ಕತ್ತಲು ಬೆಳಕು ಕತ್ತಲು ಎಂದು ಕಣ್ಣಿಗೆ ಬಡಿಯುತ್ತಿತ್ತು. ಇಳಿಜಾರಿನ ತಿರುವೊಂದರಲ್ಲಿ ಬಸ್ಸು ಬಂದದ್ದು ಆಗಲೇ. ರಸ್ತೆಯ ಮುಕ್ಕಾಲು ಭಾಗ ತನ್ನದೇ ಎಂಬಂತೆ ಬಂತು. ಅವಳು ಮುಂದಿನ ಬ್ರೇಕ್ ಹಿಡಿದಳು. ಲಿವರು ಕೈಗೆ ಗಟ್ಟಿಯಾಗಿಯೇ ಸಿಕ್ಕಿತು, ಚಕ್ರ ಮಾತ್ರ ಅದು ತನಗೆ ಸಂಬಂಧಿಸಿದ್ದಲ್ಲ ಎನ್ನುವಂತೆ ಉರುಳುತ್ತಲೇ ಇತ್ತು. ಇನ್ನೂ ಬಿಗಿಯಾಗಿ ಹಿಡಿದಳು. ಕಿರ್ ಎಂದು ಒಂದು ಸದ್ದು ಬಂತು, ವೇಗ ಇಳಿಯಲಿಲ್ಲ. ಹಿಂದಿನ ಬ್ರೇಕನ್ನು ತುಳಿದು, ಗೇರು ಇಳಿಸಿ, ರಸ್ತೆಯಂಚಿನ ಮಣ್ಣಿಗೆ ಇಳಿದು, ಮೈಲಿಗಲ್ಲಿಗೆ ಒಂದು ಮೊಳ ಇರುವಾಗ ನಿಂತಳು. ಡ್ರೈವರು ಕಿಟಕಿಯಿಂದ ತಲೆ ಹಾಕಿ, ನಿಧಾನ ಹೋಗಕ್ಕೆ ಎಂತ ನಿಂಗೆ ಎಂದು ಗೊಣಗಿದ. ಅವಳು ಹೆಲ್ಮೆಟ್ ತೆಗೆದಾಗ ಹೆಂಗಸು ಎಂದು ಕಂಡು, ತಲೆ ಒಳಗೆಳೆದುಕೊಂಡು ಬಸ್ಸು ಬಿಟ್ಟ. ಅವಳು ಬೈಕನ್ನು ಸ್ಟ್ಯಾಂಡಿಗೆ ಹಾಕಿದಳು. ಭಯದ ಜೊತೆಗೇ, ನಿಂತೆನಲ್ಲ ಎಂಬ ಹುರುಪು ಎದೆಯಲ್ಲಿ ಕುಣಿಯುತ್ತಿತ್ತು.

ಕೂತು ನೋಡಿದಳು. ಮುಂದಿನ ಚಕ್ರದ ಪಕ್ಕದಲ್ಲಿ ಬೆಳ್ಳಿಯ ತಟ್ಟೆಯಂತೆ ಹೊಳೆಯುವ ಉಕ್ಕಿನ ಡಿಸ್ಕು. ಅದನ್ನು ಎರಡೂ ಕಡೆಯಿಂದ ಪ್ಯಾಡುಗಳು ಹಿಸುಕಿ ಹಿಡಿದರೆ ಚಕ್ರ ನಿಲ್ಲಬೇಕು. ಡಿಸ್ಕಿನ ಮೇಲೆ ಸುತ್ತಲೂ ನಸುಗೆಂಪಿನ ತೆಳ್ಳನೆಯ ಗೀರು. ಅದರ ತೂತುಗಳ ಅಂಚಿನಲ್ಲಿ ಅರಿಶಿನ ಸೇರಿದ ಕೆಂಪು ಇನ್ನೂ ಹಸಿಯಾಗಿ ಕೂತಿತ್ತು. ಬಿಸಿ ತಾಗದಂತೆ ಸ್ವಲ್ಪ ಹೊತ್ತು ಬಿಟ್ಟು ಬೆರಳಿನಿಂದ ಮುಟ್ಟಿ ಮೂಸಿದಳು. ಕೊಬ್ಬರಿ ಎಣ್ಣೆ. ಹುಲಿಯಮ್ಮನ ಕುಂಕುಮ ಮೊದಲು ಒಣ ಪುಡಿಯೇ ಆಗಿತ್ತು. ಮೊದಲನೆಯ ವರ್ಷ ಪಿಕಪ್ಪಿನಲ್ಲಿ ಆನಂದಪುರ ಮುಟ್ಟುವಷ್ಟರಲ್ಲಿ ಗಾಳಿಗೆ ಎಲ್ಲ ಹಾರಿಹೋಗಿ ಗಾಡಿಯ ಹಣೆ ಬೋಳಾಗಿತ್ತೆಂದು ರಾಜು ತಮಾಷೆಗೆ ಹೇಳಿದ್ದನ್ನು ಅವಳು ಅಪಶಕುನವೆಂದು ಮನಸ್ಸಿಗೆ ಹಚ್ಚಿಕೊಂಡಿದ್ದಳು. ಇಷ್ಟು ಜೋರಾಗಿ ಓಡುವ ಗಾಡಿಗೆ ಹಾರಿಹೋಗದ ಕುಂಕುಮ ಬೇಕು. ಅಂದಿನಿಂದ ಎಣ್ಣೆಯಲ್ಲಿ ಕಲಸತೊಡಗಿದಳು. ಬಿಂದುಶ್ರೀಗೆ ಅದು ಗೊತ್ತಿತ್ತು. ಡಿಸ್ಕಿಗೂ ಹಚ್ಚುತ್ತಾಳೆಂದು ಗೊತ್ತಿರಲಿಲ್ಲ. ಅಥವಾ ಈ ಸಲದ ಆಯುಧಪೂಜೆಯಲ್ಲೇ ಹೊಸದಾಗಿ ಹೊಳೆದಿರಬೇಕು. ದೇವರ ತಟ್ಟೆಯಂಥದ್ದು ಎದುರಿಗೇ ಇರುವಾಗ ಬಿಡುವುದು ಹೇಗೆ. ಆ ದಿನ ಬಿಂದುಶ್ರೀ ಹಿಂದಿನ ಕೋಣೆಯಲ್ಲಿದ್ದಳು. ಎಂಜಿನ್ನಿನ ಹೊಟ್ಟೆಯೊಳಗೆ ಕೈ ಹಾಕಬಹುದಾದವಳು ಅದರ ಪೂಜೆಗೆ ನಿಲ್ಲುವಂತಿರಲಿಲ್ಲ. ಶಂಖದ ಸದ್ದು, ಬೂದುಗುಂಬಳ ಒಡೆದ ಸದ್ದು, ಪಿಕಪ್ಪಿನ ಬಾಗಿಲು ಹಾಕಿದ ಸದ್ದು, ಇಷ್ಟೇ ಅವಳ ಪಾಲಿಗೆ ಬಂದದ್ದು. ಗಾಡಿ ಹತ್ತಿಸಿದವನು ಕೃಷ್ಣಕುಮಾರ. ಎರಡು ದಿನ ಬಿಟ್ಟು ಅವಳು ರೈಲಿನಲ್ಲಿ ಹೋಗಿ ಟ್ರ್ಯಾಕು ಸೇರಿಕೊಂಡಾಗ ಡಿಸ್ಕು ಕನ್ನಡಿಯಂತಿತ್ತು.

ಪ್ಯಾಡು ಪಳಗಿರಲಿಲ್ಲ, ನಿಜ. ಪಳಗದ ಪ್ಯಾಡು ಸ್ವಲ್ಪ ತಡವಾಗಿ ಹಿಡಿಯುತ್ತದೆ. ಎಣ್ಣೆ ಕುಡಿದ ಪ್ಯಾಡು ಹಿಡಿಯುವುದೇ ಇಲ್ಲ. ಈ ಎರಡರ ವ್ಯತ್ಯಾಸ ಈಗ ತಾನೇ ಅವಳ ಕೈಗೆ ಗೊತ್ತಾಗಿತ್ತು, ಇನ್ನು ಯಾರೂ ಹೇಳಿಕೊಡಬೇಕಾಗಿರಲಿಲ್ಲ. ರಸ್ತೆಯಂಚಿನಲ್ಲಿ ಕೂತಿದ್ದ ಬಿಂದುಶ್ರೀಗೆ ಸಿಟ್ಟು ಬರುವ ಮೊದಲು ಸಂತೋಷವಾಯಿತು. ತಡೆಯಲಾರದ ಸಂತೋಷ. ನನ್ನ ಕೈಯಲ್ಲ, ನನ್ನ ಕೈಯಲ್ಲ ಎಂದು ಎರಡು ಸಲ ಗಟ್ಟಿಯಾಗಿ ಹೇಳಿದಳು. ಆಚೆ ಗದ್ದೆಯ ಬದುವಿನ ಮೇಲಿದ್ದ ಎಮ್ಮೆ ತಲೆ ಎತ್ತಿ ನೋಡಿ ಮತ್ತೆ ಮೇಯತೊಡಗಿತು. ತನ್ನ ಎರಡೂ ಕೈಗಳನ್ನು ಮುಂದೆ ಚಾಚಿ ನೋಡಿಕೊಂಡಳು. ತಿಂಗಳಿನಿಂದ ಅವುಗಳನ್ನು ಅಪರಿಚಿತರ ಕೈಗಳ ಹಾಗೆ ನಡೆಸಿಕೊಂಡಿದ್ದಳು.

ನಗರದ ಕೋಟೆಯ ಹತ್ತಿರ ಹಾಲಮ್ಮನ ಚಹಾದಂಗಡಿ. ಅಲ್ಲಿಯ ತನಕ ಹಿಂದಿನ ಬ್ರೇಕನ್ನೇ ನಂಬಿಕೊಂಡು ಬಂದಳು. ಬಿಸಿ ನೀರೂ ಪಾತ್ರೆ ತೊಳೆಯುವ ಸೋಪೂ ಬೇಕು ಎಂದಾಗ ಹಾಲಮ್ಮ, ಮಗುವಿಗಾ ಎಂದು ಕೇಳಿದಳು. ಗಾಡಿಗೆ ಎಂದಾಗ ಅಷ್ಟೇ ಸಹಜವಾಗಿ ಚಹಾದ ಒಲೆಯಿಂದ ಕುದಿಯುವ ನೀರು ಇಳಿಸಿ ಕೊಟ್ಟಳು. ಸೀಟಿನ ಕೆಳಗಿದ್ದ ಸ್ಪ್ಯಾನರು ತೆಗೆದು ಪ್ಯಾಡುಗಳನ್ನು ಬಿಚ್ಚಿದಳು. ಎಣ್ಣೆ ಕುಡಿದು ಹೊಳೆಯುತ್ತಿದ್ದ ಅವುಗಳ ಮುಖವನ್ನು ಅಂಗಡಿಯ ಮೆಟ್ಟಿಲ ಒರಟು ಕಲ್ಲಿನ ಮೇಲೆ, ತೇಯ್ದ ಗಂಧದಂತೆ ಕಪ್ಪು ಬರುವ ತನಕ ಉಜ್ಜಿದಳು. ಡಿಸ್ಕನ್ನು ಸೋಪಿನಲ್ಲಿ ತೊಳೆದಳು. ಹೆಗಲಿಗೆ ಹಾಕಿಕೊಂಡು ಬಂದಿದ್ದ ಲ್ಯಾಬಿನ ಬ್ಯಾಗಿನಲ್ಲಿ ಸೂಜಿ ಚುಚ್ಚುವ ಮೊದಲು ಚರ್ಮ ಒರೆಸುವ ಸ್ಪಿರಿಟ್ ಹತ್ತಿಯ ಪೊಟ್ಟಣಗಳು ಇದ್ದವು. ಒಂದನ್ನು ಜೇಬಿಗೆ ಹಾಕಿಕೊಂಡು ಉಳಿದವನ್ನು ಒಂದೊಂದಾಗಿ ಹರಿದು ಒರೆಸಿದಳು, ಹತ್ತಿ ಬೆಳ್ಳಗೆ ಬರುವ ತನಕ ಒರೆಸಿದಳು. ಲ್ಯಾಬಿನಲ್ಲಿ ಹೊಸಬರಿಗೆ ಅವಳು ಹೇಳಿಕೊಡುವ ಮೊದಲ ಪಾಠವೇ ಅದು, ಕಣ್ಣಿಗೆ ಕಾಣುವುದಿಲ್ಲ ಎಂದರೆ ಇಲ್ಲ ಎಂದಲ್ಲ. ಹಾಲಮ್ಮ ಕುಕ್ಕರುಗಾಲಿನಲ್ಲಿ ಪಕ್ಕಕ್ಕೆ ಕೂತು, ನಿನ್ ಗಾಡಿಯನೇ ಎಂದು ಕೇಳಿದಳು. ಬಿಂದುಶ್ರೀ ಸ್ವಲ್ಪ ಯೋಚಿಸಿ, ಹೌದು ಎಂದಳು.

ಚಹಾ ಕುಡಿಯುತ್ತ ಫೋನು ಮಾಡಿದಳು. ಕೃಷ್ಣಕುಮಾರ ಎತ್ತಿದವನೇ ಎಷ್ಟರ ಮೇಲೆ ಓಡಿಸುತ್ತಿದ್ದೀಯ, ಬಿಸಿ ಜಾಸ್ತಿಯಾಗಿಲ್ಲವಲ್ಲ ಎಂದು ಕೇಳತೊಡಗಿದ. ಅವಳು ಮುಗಿಯುವ ತನಕ ಕಾದಳು.

"ಆಯುಧಪೂಜೆ ದಿನ ಡಿಸ್ಕ್ ಮೇಲೆ ಕುಂಕುಮ ಇತ್ತಾ?"

ಅವನ ಹಿಂದೆ ಎಲ್ಲೋ ಹುಲಿಯಮ್ಮ ಕೋಳಿ ಓಡಿಸುವುದು ಕೇಳಿಸುತ್ತಿತ್ತು.

"ಇತ್ತು," ಎಂದ. "ಹತ್ತಿಸ್ವಾಗ ನೋಡ್ದೆ. ಬಟ್ಟೇಲಿ ಒರೆಸ್ದೆ."

"ಒಣ ಬಟ್ಟೇಲಿ."

"ಹೋಯ್ತು ಅಂದ್ಕೊಂಡೆ ಮಾರಾಯ್ತಿ. ಬಿದ್ದ ಮೇಲೆ, ಆಸ್ಪತ್ರೇಲಿ ಮಲಗಿದ್ದಾಗ ಹೊಳೀತು."

ಅಷ್ಟು ದಿನದಿಂದ ಅವನಿಗೆ ಗೊತ್ತಿತ್ತು. ಪೇಪರಿನ ಪುಟ ತಿರುಗಿಸಿದ ದಿನವೂ ಗೊತ್ತಿತ್ತು. ನಿನಗೂ ಸ್ವಲ್ಪ ರೆಸ್ಟ್ ಎಂದ ದಿನವೂ. ಯಾಕೆ ಹೇಳಲಿಲ್ಲ ಎಂದು ಅವಳು ಕೇಳಲಿಲ್ಲ, ಅವನೇ ಹೇಳಿದ. ತಾನು ಹಚ್ಚಿದ ಕುಂಕುಮದಿಂದ ಮಗ ಬಿದ್ದ ಎಂದು ಗೊತ್ತಾದರೆ ಅಮ್ಮ ತಡೆದುಕೊಳ್ಳುವುದಿಲ್ಲ ಎಂದ. ಆಮೇಲೆ ಪೂಜೆಯನ್ನೇ ಬಿಟ್ಟುಬಿಡುತ್ತಾಳೆ, ಊಟ ಬಿಡುತ್ತಾಳೆ ಎಂದ. ಅದೆಲ್ಲ ನಿಜವೇ ಇರಬಹುದು.

"ಮತ್ತೆ ನಾನು?"

"ನೀನು ತಡ್ಕೊಳ್ತೀಯ ಅಂದ್ಕೊಂಡೆ."

ಎಂಥ ಮೆಚ್ಚುಗೆಯ ಮಾತು ಎಂದು ಅವಳಿಗೆ ಅನಿಸಿತು. ಮೇಲೆ ಹೊರಿಸಿ, ಬೆನ್ನು ಗಟ್ಟಿಯಿದೆ ಎಂದು ತಟ್ಟುವುದು. ಹಾಗೆ ನೋಡಿದರೆ ತಾಯಿಯ ಹೆಸರಿನ ಕೆಳಗೆ ಅವನು ತನ್ನ ಒಣ ಬಟ್ಟೆಯನ್ನೂ ಅಡಗಿಸಿಟ್ಟುಕೊಂಡಿದ್ದ. ಮೂರು ಜನರ ಕೈ ಇದ್ದ ತಪ್ಪಿನಲ್ಲಿ ಒಬ್ಬಳ ಕೈ ಮಾತ್ರ ಎತ್ತಿಸಲಾಗಿತ್ತು. ಅಮ್ಮಂಗೆ ಹೇಳ್ಬೇಡ ಎಂದು ಅವನು ಹೇಳಿದ. ಆಮೇಲೆ, ಅಭ್ಯಾಸಬಲದಿಂದ, ಆರು ಸಾವಿರ ದಾಟಿಸಬೇಡ ಎಂದೂ ಹೇಳಿದ. ಅವಳು ಫೋನು ಜೇಬಿಗೆ ಹಾಕಿ ಹಾಲಮ್ಮನಿಗೆ ಇನ್ನೊಂದು ಚಹಾ ಹೇಳಿದಳು. ಕೋಟೆಯ ಗೋಡೆಯ ಮೇಲೆ ಯಾರೋ ಫೋಟೋ ತೆಗೆಸಿಕೊಳ್ಳುತ್ತಿದ್ದರು.

ಮೊದಲು ಬ್ರೇಕು. ನಗರ ದಾಟಿ ಹಿಂದೆ ಮುಂದೆ ಯಾರೂ ಇಲ್ಲದ ನೇರ ರಸ್ತೆಯಲ್ಲಿ ವೇಗ ಹಿಡಿದು, ಜೋರಾಗಿ ಅದುಮಿ, ನಿಲ್ಲುವ ಮೊದಲೇ ಬಿಟ್ಟು, ಮತ್ತೆ ವೇಗ, ಮತ್ತೆ ಅದುಮಿದಳು. ಎರಡನೆಯ ಸಲಕ್ಕೆ ಸ್ವಲ್ಪ ಹಿಡಿಯಿತು. ನಾಲ್ಕನೆಯ ಸಲಕ್ಕೆ ಮೈಯನ್ನೇ ಮುಂದಕ್ಕೆ ತಳ್ಳಿತು. ಅದರ ಮುಂದಿನ ಸಲ ಮುಂದಿನ ಚಕ್ರ ನೆಲಕ್ಕೆ ಹಲ್ಲೂರಿದಂತೆ ಕಚ್ಚಿದಾಗ, ಹಿಂದಿನ ಚಕ್ರ ಒಂದಿಷ್ಟು ಹಗುರಾದದ್ದು ಅವಳ ಸೊಂಟಕ್ಕೆ ಗೊತ್ತಾಯಿತು. ಅವಳು ಹೋ ಎಂದು ಕೂಗಿದಳು. ಆ ಕೂಗು ಎಲ್ಲಿತ್ತೋ ಏನೋ. ಮದುವೆಗೆ ಮೊದಲು, ಹುಂಚದ ಬಸ್ಸಿನಲ್ಲಿ ಕಾಲೇಜಿಗೆ ಹೋಗುವಾಗ ಕಿಟಕಿಯ ಪಕ್ಕದಲ್ಲಿ ಕೂತು, ಬಸ್ಸನ್ನು ಹಿಂದೆ ಹಾಕಿ ಹೋಗುವ ಬೈಕುಗಳನ್ನು ಎಣಿಸುತ್ತಿದ್ದಳು. ಸವಾರರನ್ನು ನೋಡುತ್ತಿದ್ದಾಳೆಂದು ಗೆಳತಿಯರು ಕಾಡಿಸುತ್ತಿದ್ದರು. ಅವಳು ನೋಡುತ್ತಿದ್ದದ್ದು ಬೈಕನ್ನು. ಕೃಷ್ಣಕುಮಾರನನ್ನು ಮೊದಲು ಕಂಡಾಗಲೂ ಪ್ರಾಮಾಣಿಕವಾಗಿ ಹೇಳಬೇಕೆಂದರೆ ಮೊದಲು ಕಂಡದ್ದು ಅವನ ಬೈಕಿನ ಸಡಿಲ ಚೈನು.

ಕವಲೇದುರ್ಗದ ಕಡೆಯ ಏರು ಬಂತು. ಹೊಸ ರಿಂಗನ್ನು ಮುದ್ದು ಮಾಡಿ ಕೂರಿಸಬೇಕು ಎಂಬುದು ಕೃಷ್ಣಕುಮಾರನ ನಂಬಿಕೆ, ಅದನ್ನು ಅವನಿಗೆ ಕಲಿಸಿದ ಹಳೆಯ ಮೆಕ್ಯಾನಿಕ್ಕಿನ ನಂಬಿಕೆ. ಬಿಂದುಶ್ರೀ ಕೊಳವೆಯ ಒಳಮೈಯಲ್ಲಿ ಕೊರೆದ ಗೀರುಗಳನ್ನು ಟಾರ್ಚು ಬಿಟ್ಟು ನೋಡಿದವಳು. ಆ ಗೀರುಗಳು ಇರುವುದೇ ರಿಂಗಿನ ಅಂಚು ತೇಯುವುದಕ್ಕೆ. ತೇಯಬೇಕಾದರೆ ಹಿಂದಿನಿಂದ ಒತ್ತಡ ಬೇಕು. ಒತ್ತಡವಿಲ್ಲದೆ ಮೆಲ್ಲಗೆ ಓಡಿಸಿದರೆ ಗೀರು ನುಣ್ಣಗಾಗಿ ಗಾಜಿನಂತಾಗುತ್ತದೆ, ರಿಂಗು ಒಳಗೆ ಅತಿಥಿಯ ಹಾಗೆ ಓಡಾಡಿಕೊಂಡಿರುತ್ತದೆ, ಮನೆಯವರಾಗುವುದಿಲ್ಲ. ಇದನ್ನು ಅವಳು ಅವನಿಗೆ ಒಮ್ಮೆ ಹೇಳಿದ್ದಳು, ಬೀಳುವುದಕ್ಕೆ ಮುಂಚೆ. ಬಿದ್ದ ಮೇಲೆ ಯಾವುದನ್ನೂ ಹೇಳುವ ಹಕ್ಕು ತನಗಿಲ್ಲ ಎಂದುಕೊಂಡಿದ್ದಳು. ಈಗ ಮೂರನೇ ಗೇರಿಗೆ ಹಾಕಿ ಏರಿಗೆ ಎದೆ ಕೊಟ್ಟು ಕೈ ತಿರುಗಿಸಿದಳು. ಐದು, ಆರು. ಆರರ ಗೆರೆಯ ಮೇಲೆ ಮುಳ್ಳು ಒಂದು ಕ್ಷಣವೂ ನಿಲ್ಲಲಿಲ್ಲ. ಏಳು, ಏಳೂವರೆ. ಎಂಜಿನ್ನಿನ ದನಿ ಗಂಟಲಿನಿಂದ ಎದೆಗೆ ಇಳಿಯಿತು. ಮರಗಳು ಎರಡೂ ಕಡೆ ಒಂದೇ ಹಸಿರು ಗೋಡೆಯಾದವು. ಕೈ ಬಿಟ್ಟಳು, ಬೈಕು ತನ್ನ ಉಸಿರಿನಿಂದಲೇ ತನ್ನನ್ನು ಹಿಡಿದುಕೊಂಡು ನಿಧಾನವಾಯಿತು. ಮತ್ತೆ ತಿರುಗಿಸಿದಳು. ಎಂಟು. ಸಿಟ್ಟೂ ಇತ್ತು, ಇಲ್ಲವೆನ್ನಲಾರಳು. ಒಂದೊಂದು ಏರಿಗೂ ಒಂದೊಂದು ಮಾತು ಹೊಳೆಯುತ್ತಿತ್ತು, ಮನೆಗೆ ಹೋದ ಮೇಲೆ ಹೇಳಬೇಕಾದ ಮಾತುಗಳು, ಚೂಪಾದವು. ಏರು ಹತ್ತಿದ ಮೇಲೆ ಅವು ಮರೆತುಹೋಗುತ್ತಿದ್ದವು, ತಿರುವು ಮಾತ್ರ ಉಳಿಯುತ್ತಿತ್ತು. ದುರ್ಗದ ಕೆಳಗಿನ ಊರಿನಲ್ಲಿ ಗದ್ದೆ ಕೊಯ್ಯುತ್ತಿದ್ದವರು ಕತ್ತಿ ಹಿಡಿದುಕೊಂಡೇ ನೆಟ್ಟಗಾಗಿ ನೋಡಿದರು, ಅವಳು ಹಾರ್ನು ಹೊಡೆದಳು.

ತೀರ್ಥಹಳ್ಳಿಯ ಸೇತುವೆಯ ಹತ್ತಿರ ನಿಲ್ಲಿಸಿ ಕರ್ಚೀಫನ್ನು ಸೈಲೆನ್ಸರಿನ ಬಾಯಿಗೆ ಹಿಡಿದಳು. ಬೆಳಿಗ್ಗೆ ಹೊರಡುವ ಮೊದಲು ಹೀಗೇ ಹಿಡಿದಾಗ ಎಣ್ಣೆಯ ಸಣ್ಣ ಸಣ್ಣ ಚುಕ್ಕೆ ಬಿದ್ದಿದ್ದವು. ಈಗ ಬಟ್ಟೆ ಒಣಗಿಯೇ ಇತ್ತು. ರಿಂಗು ಕೂತಿತ್ತು. ತುಂಗೆಯ ನೀರು ಬಂಡೆಗಳ ನಡುವೆ ಹರಿಯುತ್ತಿತ್ತು, ಅವಳು ಆ ಕರ್ಚೀಫನ್ನು ಮಡಚಿ ಒಳಗಿನ ಜೇಬಿಗೆ ಇಟ್ಟುಕೊಂಡಳು. ತೋರಿಸಲು ಯಾರೂ ಇಲ್ಲವಲ್ಲ ಎನಿಸಿತು. ಕೃಷ್ಣಕುಮಾರನಿಗೇ ತೋರಿಸಬೇಕು, ಅವನೊಬ್ಬನಿಗೇ ಇದರ ಬೆಲೆ ಗೊತ್ತಾಗುವುದು. ಅದೇ ಕಷ್ಟ. ಹುಂಚದ ದಾರಿ ಹಿಡಿದು ರಿಪ್ಪನ್‌ಪೇಟೆಯ ಮೇಲೆ ವಾಪಸು ಬರುವಾಗ ಅವಳು ಒಂದೇ ವಿಷಯ ಯೋಚಿಸುತ್ತಿದ್ದಳು. ಹೇಳಬೇಕೋ ಬೇಡವೋ. ಹೇಳಿದರೆ ಮುದುಕಿ ಕುಸಿಯುತ್ತಾಳೆ. ಹೇಳದಿದ್ದರೆ ನಾಳೆ ಬೈಕು ಶಿವಮೊಗ್ಗಕ್ಕೆ ಹೋಗುತ್ತದೆ, ಹೊರಡುವ ಮೊದಲು ಅದರ ಡಿಸ್ಕಿಗೆ ಹುಲಿಯಮ್ಮ ಕುಂಕುಮ ಹಚ್ಚುತ್ತಾಳೆ, ಯಾರೋ ಒಣ ಬಟ್ಟೆಯಲ್ಲಿ ಒರೆಸುತ್ತಾರೆ. ಈ ಸಲ ಹೆಗಲಿಗೇ ಮುಗಿಯುತ್ತದೆ ಎಂದೇನೂ ಇಲ್ಲ. ಆನಂದಪುರ ದಾಟುವಾಗ ಅವಳಿಗೆ ಒಂದು ಸ್ಪಷ್ಟವಾಯಿತು. ಹೇಳಬೇಕಾದ್ದು ಹೌದು. ಹೇಳಬೇಕಾದವಳು ಅವಳಲ್ಲ.

ಸಾಗರದಲ್ಲಿ ಇನ್ನೂ ಬೆಳಕಿತ್ತು. ಗೇಟಿನ ಸದ್ದಿಗೆ ಕೃಷ್ಣಕುಮಾರ ವರಾಂಡದಿಂದ ಎದ್ದು ಬಂದ. ಮೊದಲು ಬೈಕಿನ ಕಡೆ ನೋಡಿದ, ಆಮೇಲೆ ಅವಳ ಕಡೆ, ಆಮೇಲೆ ಎರಡರ ಕಡೆಯೂ ನೋಡಲಿಲ್ಲ. ಬಿಂದುಶ್ರೀ ಶೆಡ್ಡಿನ ಮುಂದೆ ಬೈಕನ್ನು ಸ್ಟ್ಯಾಂಡಿಗೆ ಹಾಕಿ ಕೆಳಗೆ ಎಣ್ಣೆಯ ಬೋಗುಣಿ ಎಳೆದಳು. ಮೊದಲ ದಿನದ ಎಣ್ಣೆಯಲ್ಲಿ ತೇಯ್ದ ಉಕ್ಕಿನ ಪುಡಿ ಇರುತ್ತದೆ, ಎಂಜಿನ್ನು ಬಿಸಿಯಾಗಿರುವಾಗಲೇ ಅದನ್ನು ಇಳಿಸಿಬಿಡಬೇಕು. ಅಷ್ಟರಲ್ಲಿ ಹುಲಿಯಮ್ಮ ತಟ್ಟೆ ಹಿಡಿದು ಬಂದಳು. ಊರೂರು ಸುತ್ತಿ ಬಂದಿದೆ, ಯಾರ್ಯಾರ ಕಣ್ಣು ಬಿದ್ದಿದೆಯೋ ಎಂದುಕೊಳ್ಳುತ್ತ ದೃಷ್ಟಿ ತೆಗೆದಳು, ಟ್ಯಾಂಕಿಗೆ ಒಂದು ಬೊಟ್ಟಿಟ್ಟಳು. ಆಮೇಲೆ ಮಂಡಿ ಹಿಡಿದುಕೊಂಡು ಕಷ್ಟಪಟ್ಟು ಕೂತು, ಬೆರಳನ್ನು ಎಣ್ಣೆಗುಂಕುಮದಲ್ಲಿ ಅದ್ದಿ ಹೊಳೆಯುವ ಡಿಸ್ಕಿನ ಕಡೆಗೆ ಚಾಚಿದಳು. ಬಿಂದುಶ್ರೀ ಗಂಡನ ಮುಖವನ್ನೇ ನೋಡುತ್ತಿದ್ದಳು. ಎಲ್ಲವೂ ಆ ಒಂದು ಗೇಣಿನಲ್ಲಿತ್ತು.

"ಮುಟ್ಬೇಡ ಅಮ್ಮ," ಎಂದ ಕೃಷ್ಣಕುಮಾರ. "ಬಿಸಿ ಇರ್ತದೆ. ಸುಡ್ತದೆ."

ಹುಲಿಯಮ್ಮ ತಟ್ಟನೆ ಕೈ ಹಿಂದಕ್ಕೆ ತೆಗೆದುಕೊಂಡಳು. ಹೌದನಾ ಎಂದಳು. ಹಾಗಾದ್ರೆ ತಣ್ಣಗಾಗ್ಲಿ, ಆಮೇಲೆ ಹಚ್ತೀನಿ ಎಂದು ಶೆಡ್ಡಿನ ಮೆಟ್ಟಿಲ ಮೇಲೆ ತಟ್ಟೆಯೊಂದಿಗೆ ಕಾಯುತ್ತ ಕೂತಳು. ಕೃಷ್ಣಕುಮಾರ ಉಸಿರು ಬಿಟ್ಟ. ಬಿಂದುಶ್ರೀಯ ಕಡೆ ನೋಡಿ, ಪಾರಾದೆವು ಎನ್ನುವ ಹಾಗೆ ಸಣ್ಣದಾಗಿ ನಕ್ಕ. ನಕ್ಕದ್ದು ಚೆನ್ನಾಗಿಯೇ ಇತ್ತು, ಅವಳು ಮದುವೆಯಾದದ್ದು ಆ ನಗುವನ್ನೇ.

"ತ‌ಣ್ಣಗಾದ ಮೇಲೂ ಬೇಡ ಅತ್ತೆ," ಎಂದಳು ಬಿಂದುಶ್ರೀ.

"ಎಂತಕ್ಕೇ?"

"ಎಂತಕ್ಕೆ ಅಂತ ಇವ್ರು ಹೇಳ್ತಾರೆ. ಹೇಳಿ ಆದ್ಮೇಲೆ ರಾಜುಗೆ ಫೋನ್ ಮಾಡಿ, ಗಾಡಿ ಶಿವಮೊಗ್ಗಕ್ಕೆ ಬರಲ್ಲ ಅನ್ಲಿ."

ಇಷ್ಟು ಹೇಳಿ ಅವಳು ಬೈಕಿನ ಕೆಳಗೆ ಬಾಗಿ ಎಣ್ಣೆಯ ಬೋಲ್ಟ್ ತಿರುಗಿಸಿದಳು. ಎಣ್ಣೆ ಬಿಸಿಯಾಗಿ, ದಾರದಂತೆ ಬೋಗುಣಿಗೆ ಇಳಿಯತೊಡಗಿತು. ಆಮೇಲೆ ಹಿಂದಿನಿಂದ ಕೃಷ್ಣಕುಮಾರ ಅಮ್ಮ ಎಂದ, ನಿಲ್ಲಿಸಿದ, ಮತ್ತೆ ಅಮ್ಮ ಆವತ್ತು ಎಂದು ಶುರುಮಾಡಿದ. ಅವಳು ತಿರುಗಿ ನೋಡಲಿಲ್ಲ. ತನ್ನ ಒಣ ಬಟ್ಟೆಯಿಂದಲೇ ಅವನು ಶುರುಮಾಡಿದ್ದು ಅವಳಿಗೆ ಕೇಳಿಸಿತು, ಕುಂಕುಮ ಆಮೇಲೆ ಬಂತು. ಅವನು ಮುಗಿಸುವಷ್ಟರಲ್ಲಿ ಎಣ್ಣೆಯ ದಾರ ಸಣ್ಣದಾಗಿ ತೊಟ್ಟುತೊಟ್ಟಾಯಿತು.

"ಹಂಗಾದ್ರೆ," ಎಂದಳು ಹುಲಿಯಮ್ಮ ಕೊನೆಗೆ, "ಇವ್ಳು ಮುಟ್ಟಿದ್ದಕ್ಕಲ್ಲ."

"ಅಲ್ಲಮ್ಮ."

ತಟ್ಟೆ ಮೆಟ್ಟಿಲ ಮೇಲೆ ಇಟ್ಟ ಸದ್ದಾಯಿತು. ಬಿಂದುಶ್ರೀ ಬೋಲ್ಟನ್ನು ಬೆರಳಲ್ಲಿ ತಿರುಗಿಸಿ ಕೂರಿಸಿ, ಬಿಗಿ ಮಾಡಲು ಸ್ಪ್ಯಾನರಿಗೆಂದು ನೋಡದೆಯೇ ಕೈ ಹಿಂದಕ್ಕೆ ಚಾಚಿದಳು. ತಡವರಿಸಿದ ಕೈಗೆ ನೆಲ ಸಿಕ್ಕಿತು, ಬಟ್ಟೆ ಸಿಕ್ಕಿತು, ಸ್ಪ್ಯಾನರು ಸಿಗಲಿಲ್ಲ. ಹಾಗೇ ಸ್ವಲ್ಪ ಹೊತ್ತು ಕೈ ಚಾಚಿಕೊಂಡೇ ಇದ್ದಳು. ಆಮೇಲೆ ಯಾರೋ ಅದನ್ನು ಅಂಗೈಯಲ್ಲಿ ಇಟ್ಟರು. ಬಳೆಯ ಸದ್ದು ಕೇಳಿಸಿತು. ಬೆಳಕಿಗೆ ಹಿಡಿದರೆ ಅದರ ಹಿಡಿಯ ಮೇಲೆ ಕೆಂಪು ಎಣ್ಣೆಯ ಒಂದು ಬೆರಳಚ್ಚು ಮೂಡಿತ್ತು. ಬಿಂದುಶ್ರೀ ಜೇಬಿನಲ್ಲಿ ಉಳಿದಿದ್ದ ಸ್ಪಿರಿಟ್ ಹತ್ತಿಯ ಪೊಟ್ಟಣ ಹರಿದು ಅದನ್ನು ಸ್ವಚ್ಛವಾಗಿ ಒರೆಸಿದಳು, ಹತ್ತಿ ಬೆಳ್ಳಗೆ ಬಂದಿದೆಯೇ ಎಂದು ನೋಡಿದಳು, ಬೋಲ್ಟನ್ನು ಬಿಗಿ ಮಾಡಿದಳು.